ಎಂ4 ಎಇಜಿ: 13:1 ಗೇರ್, ಹೊಸ ಮೋಟರ್ ಹಾಕಿದ ಮೇಲೆ ಪಿಸ್ಟನ್ ಹಲ್ಲು ಉದುರುತ್ತಿದೆ, ಎಫ್‌ಪಿಎಸ್ ಕೂಡ ಒಂದೇ ಕಡೆ ನಿಲ್ಲುತ್ತಿಲ್ಲ

ಕಾಡುದಾರಿ (ಲೆಸ್ಟರ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ಗೇರ್‌ಬಾಕ್ಸ್ ಮೇಜಿನ ಮೇಲಿದೆ, ಸ್ವಲ್ಪ ದಾರಿ ತೋರಿಸಿ.

ನನ್ನದು ಏರ್‌ಸಾಫ್ಟ್ ರೈಫಲ್ (ಬಿಬಿ ಅನ್ನುವ ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು), ಎಂ4 ಮಾಡೆಲ್, ವರ್ಷನ್ 2 ಗೇರ್‌ಬಾಕ್ಸ್. ಬಾಕ್ಸ್‌ನಿಂದ ತೆಗೆದಾಗ 7.4 ವೋಲ್ಟ್ ಲೈಪೋ ಬ್ಯಾಟರಿಯಲ್ಲಿ ಯಾವ ಗೋಳೂ ಇಲ್ಲದೆ ಓಡುತ್ತಿತ್ತು. ಟ್ರಿಗರ್ ಒತ್ತಿದ ಕೂಡಲೇ ಬಿಬಿ ಹೋಗಬೇಕು ಅಂತ 13:1 ಗೇರ್ ಸೆಟ್ (ಮೋಟರಿನ ಸುಮಾರು 13 ಸುತ್ತಿಗೆ ಒಂದು ಶಾಟ್), ನಿಯೋಡಿಮಿಯಂ ಮ್ಯಾಗ್ನೆಟ್ಟಿನ ಹೊಸ ಮೋಟರ್, 11.1 ವೋಲ್ಟ್ ಲೈಪೋ, ಸಾದಾ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಹಾಕಿದೆ. ಸ್ಪ್ರಿಂಗ್ ಎಂ100. ಬ್ಯಾರಲ್ 363 ಮಿ.ಮೀ., ಒಳವ್ಯಾಸ 6.03. ಪಿಸ್ಟನ್ ನೈಲಾನಿನದು, ಅರ್ಧ ಹಲ್ಲು ಲೋಹ. ವೇಗ ಜಾಸ್ತಿಯಾದಾಗ ಬಿಬಿ ಸರಿಯಾಗಿ ಮೇಲೆ ಬರಲಿ ಅಂತ ಪಿಸ್ಟನ್ ಎಳೆಯುವ ಸೆಕ್ಟರ್ ಗೇರಿಗೆ ಡಿಲೇ ಕ್ಲಿಪ್ ಕೂಡ ಹಾಕಿದೆ.

ಈಗ ಮೂರು ತೊಂದರೆ. ಆಟೋದಲ್ಲಿ (ಟ್ರಿಗರ್ ಒತ್ತಿದಷ್ಟು ಹೊತ್ತೂ ಹೊಡೆಯುವುದು) ಉದ್ದ ಬರ್ಸ್ಟ್ ಬಿಟ್ಟರೆ ನಡುವೆಯೇ ಮೋಟರ್ ಸುಮ್ನೆ ಸುತ್ತುತ್ತದೆ, ಏನೂ ಬರುವುದಿಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್ ಹಲ್ಲು ಪುಡಿ. ಹೊಸ ಪಿಸ್ಟನ್ ಹಾಕಿದರೆ ಅದಕ್ಕೂ ಅದೇ ಗತಿ. ಎರಡನೆಯದು, 0.20 ಗ್ರಾಂ ಬಿಬಿಯಲ್ಲಿ ವೇಗ ಅಳೆಯುವ ಕ್ರೋನೋದಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಅಡಿ) 338, 296, 341, 310 ಹೀಗೆ ಕುಣಿಯುತ್ತದೆ. ಮೂರನೆಯದು, ಸೆಮಿಯಲ್ಲಿ (ಒಂದು ಒತ್ತಿಗೆ ಒಂದೇ ಶಾಟ್) ಆಗಾಗ ಒಂದರ ಬದಲು ಎರಡು ಹೋಗುತ್ತದೆ. ಮೈದಾನದ ಮಾರ್ಷಲ್ ಆಗಲೇ ಎಚ್ಚರಿಕೆ ಕೊಟ್ಟಿದ್ದಾರೆ.

ಮೂರಕ್ಕೂ ಕಾರಣ ಒಂದೇನಾ, ಬೇರೆ ಬೇರೆನಾ?

ಕುಡ್ಲದ_ಮಾಣಿ (ಎಡಿನ್‌ಬರೋ)

ಮಾರಾಯ್ರೆ, ಯಾವ ಹಲ್ಲು ಹೋಗಿದೆ ಅಂತ ಮೊದಲು ಹೇಳಿ. ಪಿಸ್ಟನ್ ಹೆಡ್ ಕಡೆಯದೋ ಬಾಲದ ಕಡೆಯದೋ? ಅದು ಗೊತ್ತಾಗದೆ ಏನು ಹೇಳಿದರೂ ಊಹೆಯೇ.

ಬ್ರಿಸ್ಬೇನ್_ಬಸವ

ನೈಲಾನ್ ಪಿಸ್ಟನ್ ಬಿಸಾಕಿ ಗುರು. ಪೂರ್ತಿ ಸ್ಟೀಲ್ ಹಲ್ಲಿನದು ತಗೊಳ್ಳಿ. ನಮ್ಮ ಕ್ವೀನ್ಸ್‌ಲ್ಯಾಂಡಿನಲ್ಲಿ ಏರ್‌ಸಾಫ್ಟ್ ಆಡುವ ಹಾಗಿಲ್ಲ, ಜೆಲ್ ಬ್ಲಾಸ್ಟರ್ (ನೀರಿನಲ್ಲಿ ನೆನೆಸಿದ ಜೆಲ್ ಗುಂಡು ಹಾರಿಸುವುದು) ಮಾತ್ರ. ಆದರೆ ಒಳಗೆ ಇದೇ ವರ್ಷನ್ 2 ಡಬ್ಬ. ಸ್ಟೀಲ್ ರ‍್ಯಾಕ್ ಹಾಕಿದ ಮೇಲೆ ನನಗೆ ಒಂದು ಹಲ್ಲೂ ಹೋಗಿಲ್ಲ.

ಆಸ್ಟಿನ್_ಅಕ್ಕ (ಟೆಕ್ಸಸ್)

ಬಸವ, ಇದನ್ನು ಒಪ್ಪಲ್ಲ. ಪಿಸ್ಟನ್ ಇಲ್ಲಿ ಪೆಟ್ಟು ತಿನ್ನುವ ಭಾಗ, ಪೆಟ್ಟು ಕೊಡುವುದಲ್ಲ. ಅದನ್ನು ಗಟ್ಟಿ ಮಾಡಿದರೆ ಪೆಟ್ಟು ಮುಂದಿನ ಭಾಗಕ್ಕೆ ಹೋಗುತ್ತದೆ. ಸೆಕ್ಟರ್ ಗೇರಿನ ಹಲ್ಲು ಮುರಿಯುತ್ತದೆ, ಇಲ್ಲ ಗೇರಿನ ಅಚ್ಚು ಹಿಡಿಯುವ ಬುಶ್ ಕೂರುವ ಜಾಗದಲ್ಲಿ ಗೇರ್‌ಬಾಕ್ಸಿನ ಶೆಲ್ ಬಿರುಕು ಬಿಡುತ್ತದೆ. ಪಿಸ್ಟನ್ ಬೆಲೆಗೆ ಶೆಲ್ ಸಿಗುವುದಿಲ್ಲ. ಜೊತೆಗೆ ಸ್ಟೀಲ್ ರ‍್ಯಾಕಿನ ಪಿಸ್ಟನ್ ಭಾರ. ಭಾರ ಜಾಸ್ತಿಯಾದರೆ ಮುಂದಕ್ಕೆ ಓಡುವುದು ನಿಧಾನ. ಇವರ ಕೇಸಿನಲ್ಲಿ ಅದು ತೊಂದರೆಯನ್ನು ಹೆಚ್ಚಿಸುತ್ತದೆ ಅಂತ ನನ್ನ ಅನುಮಾನ.

ಕಾಡುದಾರಿ, ಒಂದು ಸೆಕೆಂಡಿಗೆ ಎಷ್ಟು ಬಿಬಿ ಹೋಗುತ್ತಿದೆ? ಅಳೆಯುವ ಯಂತ್ರ ಬೇಡ. ಮ್ಯಾಗಜೀನ್ ತೆಗೆದು ಒಂದು ಚಿಕ್ಕ ಬರ್ಸ್ಟ್ ಬಿಟ್ಟು ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ. ಯಾವುದಾದರೂ ಆಡಿಯೋ ಎಡಿಟಿಂಗ್ ಆ್ಯಪ್‌ನಲ್ಲಿ ತೆರೆದರೆ ಪ್ರತಿ ಹೊಡೆತಕ್ಕೂ ಒಂದು ಮೊನೆ ಕಾಣುತ್ತದೆ. ಒಂದು ಸೆಕೆಂಡಿನ ಒಳಗಿನ ಮೊನೆಗಳನ್ನು ಎಣಿಸಿ.

ಜಯನಗರ_4ನೇಬ್ಲಾಕ್ (ಬೆಂಗಳೂರು)

ನಾನು ಸುಮ್ನೆ ಓದುತ್ತಿದ್ದೇನೆ, ಆಡುವವನಲ್ಲ. ಎಇಜಿ ಅಂದರೆ ಏನು? ಗ್ಯಾಸ್ ಹಾಕುತ್ತಾರಾ?

ಸಕುರಾ_ಸಾಗರ (ನಾಗೋಯಾ)

ಎಇಜಿ ಅಂದರೆ ಆಟೋಮ್ಯಾಟಿಕ್ ಎಲೆಕ್ಟ್ರಿಕ್ ಗನ್, ಗ್ಯಾಸ್ ಇಲ್ಲ. ಬ್ಯಾಟರಿ ಮೋಟರನ್ನು ಓಡಿಸುತ್ತದೆ. ಮೋಟರಿನ ಪಿನಿಯನ್ ಬೆವೆಲ್ ಗೇರನ್ನು, ಬೆವೆಲ್ ಸ್ಪರ್ ಗೇರನ್ನು, ಸ್ಪರ್ ಸೆಕ್ಟರ್ ಗೇರನ್ನು ತಿರುಗಿಸುತ್ತದೆ. ಸೆಕ್ಟರ್ ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಬಿಡುತ್ತದೆ. ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ದಬ್ಬಿದಾಗ ಸಿಲಿಂಡರಿನ ಗಾಳಿ ನಾಝಲ್ ಮೂಲಕ ನುಗ್ಗಿ 6 ಮಿ.ಮೀ. ಪ್ಲಾಸ್ಟಿಕ್ ಬಿಬಿಯನ್ನು ತಳ್ಳುತ್ತದೆ. ಪ್ರತಿ ಶಾಟಿಗೂ ಇಷ್ಟೂ ಆಗುತ್ತದೆ. 1991ರಲ್ಲಿ ಟೋಕಿಯೊ ಮರುಯಿ ಫಾಮಾಸ್ ಮಾಡೆಲ್ ತಂದ ಮೇಲೆ ಈ ಏರ್ಪಾಡು ಲೋಕವಿಡೀ ಹರಡಿತು. ಇವತ್ತಿಗೂ ಒಳಗಿನ ಲೆಕ್ಕ ಬಹಳ ಬದಲಾಗಿಲ್ಲ.

ಹುಬ್ಬಳ್ಳಿ_ಹುಡುಗ (ಡೆಟ್ರಾಯಿಟ್)

ಕಾಡುದಾರಿ ಅಣ್ಣಾ, ಇದು ಪಿಎಂಇ ಐತಿ ನೋಡ್ರಿ. ಪ್ರಿಮೆಚ್ಯೂರ್ ಎಂಗೇಜ್‌ಮೆಂಟ್, ಪಿಸ್ಟನ್ ಮುಂದೆ ಹೋಗಿ ಕೂರುವ ಮೊದಲೇ ಗೇರ್ ಅದನ್ನು ಹಿಡಿಯೋದು. 13:1 ಗೇರಿಗೆ 11.1 ವೋಲ್ಟ್ ಕೊಟ್ಟು ಮೇಲೆ ಎಂ100 ಸ್ಪ್ರಿಂಗ್ ಇಟ್ಟರೆ ಬೇರೆ ಏನಾಗಬೇಕ್ರಿ? ಸ್ಪ್ರಿಂಗ್ ಬದಲಿಸಿ, ಎಂ120 ಹಾಕಿ, ಪಿಸ್ಟನ್ ಪಟ್ ಅಂತ ಮುಂದಕ್ಕೆ ಹೋಗುತ್ತದೆ. ಮುಗೀತು.

ಕುಡ್ಲದ_ಮಾಣಿ (ಎಡಿನ್‌ಬರೋ)

ಹುಬ್ಬಳ್ಳಿಯವರೇ, ನಿಮ್ಮ ಅಮೆರಿಕದಲ್ಲಿ ಸರಿ ಇರಬಹುದು, ಇವರು ಇರುವುದು ಇಂಗ್ಲೆಂಡಿನಲ್ಲಿ. ಲೆಕ್ಕ ಹಾಕಿ ನೋಡಿ. ಎಂ120 ಅಂದರೆ 0.20 ಗ್ರಾಂ ಬಿಬಿ ಸೆಕೆಂಡಿಗೆ ಸುಮಾರು 120 ಮೀಟರ್ ವೇಗದಲ್ಲಿ ಹೋಗುತ್ತದೆ. ಅರ್ಧ ಗುಣಿಸು 0.0002 ಗುಣಿಸು 14,400. ಅಂದರೆ 1.44 ಜೂಲ್. ಇಲ್ಲಿ ಆಟೋ ಇರುವ ಏರ್‌ಸಾಫ್ಟಿಗೆ ಕಾನೂನಿನ ಮಿತಿ 1.3 ಜೂಲ್. 2017ರ ಪೊಲೀಸಿಂಗ್ ಆ್ಯಂಡ್ ಕ್ರೈಮ್ ಆ್ಯಕ್ಟಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಸಿಂಗಲ್ ಶಾಟಿಗೆ ಮಾತ್ರ 2.5. ದಾಟಿದರೆ ಅದು ಏರ್‌ಸಾಫ್ಟ್ ಅಲ್ಲ, ಕಾನೂನಿನ ಕಣ್ಣಲ್ಲಿ ಬಂದೂಕು. ಮೈದಾನದವರು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ 350 ಎಫ್‌ಪಿಎಸ್ ಅಂತ ಇಡುತ್ತಾರೆ, ಅದು 1.14 ಜೂಲ್. ಎಂ110 ಕೂಡ 1.21ಕ್ಕೆ ಹೋಗುತ್ತದೆ, ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ.

ದಯವಿಟ್ಟು ಯಾರಿಗೂ ಹೀಗೆ ಸಲಹೆ ಕೊಡಬೇಡಿ. ಹೊಸಬರು ಓದಿ ಹಾಕಿಕೊಂಡುಬಿಡುತ್ತಾರೆ.

ಹುಬ್ಬಳ್ಳಿ_ಹುಡುಗ (ಡೆಟ್ರಾಯಿಟ್)

ಮಿತಿಯ ಮಾತು ಒಪ್ಪಿದೆ. ಆದರೆ ನನ್ನ ಮಾತು ಪೂರ್ತಿ ಕೇಳ್ರಿ. ಗಟ್ಟಿ ಸ್ಪ್ರಿಂಗ್ ಜೊತೆ ಶಾರ್ಟ್ ಸ್ಟ್ರೋಕ್ ಮಾಡಬೇಕು. ಸೆಕ್ಟರ್ ಗೇರಿನಲ್ಲಿ ಪಿಸ್ಟನ್ ಬಿಡುವ ಕಡೆಯ ಒಂದೆರಡು ಹಲ್ಲು ತೆಗೆದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ಸ್ಪ್ರಿಂಗ್ ಕಮ್ಮಿ ಅದುಮುತ್ತದೆ, ಗಾಳಿ ಕಮ್ಮಿ, ಎಫ್‌ಪಿಎಸ್ ಇಳಿಯುತ್ತದೆ. ಅದನ್ನು ಸರಿದೂಗಿಸಲಿಕ್ಕೆ ಗಟ್ಟಿ ಸ್ಪ್ರಿಂಗ್. ಒಟ್ಟು ಎನರ್ಜಿ ಅಲ್ಲೇ, ಆದರೆ ಪಿಸ್ಟನ್ ಬೇಗ ಬಿಡುತ್ತದೆ, ಬೇಗ ಮನೆ ಸೇರುತ್ತದೆ. ಕ್ರೋನೋ ಮೇಲೆ ಕಣ್ಣಿಟ್ಟು ಹಂತ ಹಂತವಾಗಿ ಮಾಡಿದರೆ ಇಂಗ್ಲೆಂಡಿನಲ್ಲೂ ನಡೆಯುತ್ತದೆ.

ಕಾಡುದಾರಿ (ಲೆಸ್ಟರ್)

ಸದ್ದು ರೆಕಾರ್ಡ್ ಮಾಡಿದೆ. ಸೆಕೆಂಡಿಗೆ 33.

ಹಲ್ಲು ನೋಡಿದೆ. ಬಾಲದ ತುದಿಯ ಮೊದಲ ಹಲ್ಲು, ಸೆಕ್ಟರ್ ಮೊದಲು ಹಿಡಿಯುವ ಹಲ್ಲು, ಹೆಚ್ಚುಕಮ್ಮಿ ಹೊಸದರ ಹಾಗೇ ಇದೆ. ಸಣ್ಣ ಹೊಳಪು ಗುರುತು ಇದೆ ಅಷ್ಟೆ. ಹೆಡ್ ಕಡೆಯ ಹಲ್ಲುಗಳು ಮಾತ್ರ ಬುಡಸಹಿತ ಚಿಪ್ಪೆದ್ದಿವೆ. ಕಪ್ಪು ಗ್ರೀಸಿನಲ್ಲಿ ಬಿಳಿ ನೈಲಾನ್ ಚೂರುಗಳು ಅಂಟಿಕೊಂಡಿದ್ದವು. ಒಂದು ಚೂರು ಸ್ಪರ್ ಗೇರಿನ ಹಲ್ಲಿನ ನಡುವೆಯೇ ಸಿಕ್ಕಿಕೊಂಡಿತ್ತು. ಸೂಜಿಯಿಂದ ಕಿತ್ತೆ.

ಆಸ್ಟಿನ್_ಅಕ್ಕ (ಟೆಕ್ಸಸ್)

33! ಸರಿ, ಈಗ ಚಿತ್ರ ಸ್ಪಷ್ಟವಾಯಿತು. ಹುಬ್ಬಳ್ಳಿಯವರು ರೋಗದ ಹೆಸರು ಸರಿಯಾಗಿ ಹೇಳಿದ್ದಾರೆ, ಮದ್ದಿನ ಬಗ್ಗೆ ನನಗೆ ತಕರಾರಿದೆ.

ಸೆಕ್ಟರ್ ಗೇರನ್ನು ಕೈಯಲ್ಲಿ ಹಿಡಿದು ನೋಡಿ. ಸುಮಾರು ಅರ್ಧ ಸುತ್ತಿಗೆ ಮಾತ್ರ ಪಿಸ್ಟನ್ ಎಳೆಯುವ ಹಲ್ಲಿದೆ, ಮಿಕ್ಕಿದ್ದು ಬೋಳು. ಹಲ್ಲಿನ ಭಾಗ ಎಳೆಯುತ್ತದೆ, ಕೊನೆಯ ಹಲ್ಲು ಬಿಡುತ್ತದೆ, ಬೋಳು ಭಾಗ ಹಾದುಹೋಗುವಷ್ಟರಲ್ಲಿ ಪಿಸ್ಟನ್ ಮುಂದೆ ಹೋಗಿ ಕೂತಿರಬೇಕು. ಸೆಕೆಂಡಿಗೆ 33 ಅಂದರೆ ಒಂದು ಸುತ್ತಿಗೆ ಸುಮಾರು 30 ಮಿಲಿಸೆಕೆಂಡ್. ಪಿಸ್ಟನ್ನಿಗೆ ವಾಪಸ್ ಹೋಗಲು ಸಿಗುವುದು ಅದರ ಅರ್ಧ. ಎಂ100 ಸ್ಪ್ರಿಂಗಿಗೆ, ಅದರಲ್ಲೂ ಮುಂದೆ ಗಾಳಿ ಅದುಮಬೇಕಾದಾಗ, ಅಷ್ಟು ಹೊತ್ತು ಸಾಲುವುದಿಲ್ಲ. ಪಿಸ್ಟನ್ ಇನ್ನೂ ದಾರಿಯಲ್ಲಿರುವಾಗಲೇ ಸೆಕ್ಟರಿನ ಮೊದಲ ಹಲ್ಲು ಬಂದು ನಡುವಿನ ಯಾವುದೋ ಹಲ್ಲಿಗೆ ಬಡಿಯುತ್ತದೆ. ಸೆಕ್ಟರಿನಲ್ಲಿ ಎಳೆಯಲು ಹಲ್ಲು ಇನ್ನೂ ಬಾಕಿ ಇರುತ್ತವೆ, ಪಿಸ್ಟನ್ನಿನಲ್ಲಿ ಜಾಗ ಮುಗಿದಿರುತ್ತದೆ. ಹೆಡ್ ಕಡೆಯ ಹಲ್ಲು ಸಿಪ್ಪೆ ಸುಲಿದ ಹಾಗೆ ಹೋಗುವುದು ಅದಕ್ಕೇ.

ಬಾಲದ ಕಡೆಯ ಮೊದಲ ಎರಡು ಹಲ್ಲು ಹೋಗಿದ್ದರೆ ಎಒಇ ತಪ್ಪಿದೆ ಅನ್ನಬಹುದಿತ್ತು. ಅಂದರೆ ಸೆಕ್ಟರಿನ ಹಲ್ಲು ಪಿಸ್ಟನ್ ಹಲ್ಲನ್ನು ಹಿಡಿಯುವ ಕೋನ. ನಿಮ್ಮದರಲ್ಲಿ ಅದು ಪರವಾಗಿಲ್ಲ. ಮುರಿದ ಹಲ್ಲನ್ನು ಓದದೆ ಪಾರ್ಟ್ ಆರ್ಡರ್ ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಎಲ್ಲಿ ಮುರಿದಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಮದ್ದು: 13:1 ತೆಗೆಯಿರಿ. ಹಳೆಯ 18:1 ಗೇರ್ ಇದ್ದರೆ ವಾಪಸ್ ಹಾಕಿ. ಅದೇ ಮೋಟರ್, ಅದೇ 11.1 ಇರಲಿ. ಲೆಕ್ಕದ ಪ್ರಕಾರ 33 ಇದ್ದದ್ದು 23ರ ಹತ್ತಿರಕ್ಕೆ ಬರುತ್ತದೆ. ಟ್ರಿಗರ್ ಚುರುಕು ಆಮೇಲೂ ಇರುತ್ತದೆ, ಯಾಕೆಂದರೆ ಅದು ಬರುವುದು ಮುಖ್ಯವಾಗಿ ಒಳ್ಳೆಯ ಮೋಟರ್ ಮತ್ತು ವೋಲ್ಟೇಜಿನಿಂದ.

ಹುಬ್ಬಳ್ಳಿ_ಹುಡುಗ (ಡೆಟ್ರಾಯಿಟ್)

ಅಕ್ಕಾರ, 13:1 ಹಾಕಿದವರು ವೇಗಕ್ಕೇ ಹಾಕಿರುತ್ತಾರೆ. ತೆಗೆಯಿರಿ ಅಂದರೆ ಹೆಂಗ್ರಿ? ಎರಡು ಹಲ್ಲು ಶಾರ್ಟ್ ಸ್ಟ್ರೋಕ್, ಹಗುರ ಪಿಸ್ಟನ್, ಎಂ110. ನನ್ನ ರೈಫಲ್ ಇದೇ ಸೆಟಪ್‌ನಲ್ಲಿ ಹೋದ ಸೀಸನ್ ಪೂರ್ತಿ ಓಡಿದೆ.

ಆಸ್ಟಿನ್_ಅಕ್ಕ (ಟೆಕ್ಸಸ್)

ನಿಮ್ಮದು ಓಡುತ್ತದೆ, ಯಾಕೆಂದರೆ ನಿಮಗೆ ಹಲ್ಲು ತೆಗೆಯಲು ಬರುತ್ತದೆ. ರೋಟರಿ ಟೂಲ್ ಬೇಕು, ಗೇರ್ ಕಾದು ಮೆದುವಾಗದ ಹಾಗೆ ನಿಧಾನವಾಗಿ ಉಜ್ಜಬೇಕು, ಉಜ್ಜಿದ ಕಬ್ಬಿಣದ ಪುಡಿ ಒಂದು ಕಣವೂ ಉಳಿಯದ ಹಾಗೆ ತೊಳೆಯಬೇಕು. ತೆಗೆದ ಹಲ್ಲು ವಾಪಸ್ ಬರುವುದಿಲ್ಲ. 363ರ ಬ್ಯಾರಲ್ಲಿಗೆ ಗಾಳಿ ಸಾಲುತ್ತದಾ ಅಂತಲೂ ನೋಡಬೇಕು. ಗೇರ್ ಬದಲಿಸುವುದು ಬೇಡವಾದರೆ ಮತ್ತೆ ವಾಪಸ್ ಹಾಕಬಹುದಾದ ಕೆಲಸ. ಅದನ್ನು ಮೊದಲು ಮಾಡಲಿ.

ನೆಕಾರ್_ತೀರ (ಸ್ಟುಟ್‌ಗಾರ್ಟ್)

ನಿಮ್ಮ ಜಗಳ ಓದುತ್ತಾ ಇಲ್ಲಿ ನನಗೆ ಹೊಟ್ಟೆಯುರಿ. ಜರ್ಮನಿಯಲ್ಲಿ ಆಟೋ ಬೇಕೆಂದರೆ 0.5 ಜೂಲ್ ದಾಟುವ ಹಾಗಿಲ್ಲ. ಅಂದರೆ 0.20ರಲ್ಲಿ ಸೆಕೆಂಡಿಗೆ 70 ಮೀಟರ್. ಅದಕ್ಕಿಂತ ಮೇಲಿನದೆಲ್ಲ ಸೆಮಿ ಮಾತ್ರ. ಇಷ್ಟು ಮೆತ್ತಗಿನ ಸ್ಪ್ರಿಂಗಿಗೆ 11.1 ಕೊಟ್ಟರೆ ಪಿಎಂಇ ಇನ್ನೂ ಬೇಗ ಬರುತ್ತದೆ. ಆದ್ದರಿಂದ ಇಲ್ಲಿ ಆಟೋ ಇಟ್ಟವರು 7.4ರಲ್ಲೇ ತೃಪ್ತಿಪಡುತ್ತಾರೆ.

ಸಕುರಾ_ಸಾಗರ (ನಾಗೋಯಾ)

ಜಪಾನಿನಲ್ಲಿ 2006ರ ತಿದ್ದುಪಡಿಯಿಂದ 6 ಮಿ.ಮೀ.ಗೆ 0.98 ಜೂಲ್. ಸೆಕೆಂಡಿಗೆ 99 ಮೀಟರ್ ಹತ್ತಿರ. ಜನ 90ರಲ್ಲೇ ಇಟ್ಟುಕೊಂಡು ಹಾಪ್‌ಅಪ್ (ಬಿಬಿಯನ್ನು ತಿರುಗಿಸಿ ಬಿಡುವ ರಬ್ಬರ್), ಬ್ಯಾರಲ್, ಶಿಮ್ಮಿಂಗ್ (ಗೇರಿನ ಪಕ್ಕ ತೆಳು ಬಿಲ್ಲೆ ಇಟ್ಟು ಹೊಂದಿಸುವುದು) ಮೇಲೆ ಜೀವ ಬಿಡುತ್ತಾರೆ. ಇಲ್ಲಿನ ಅಂಗಡಿಗಳಲ್ಲಿ ಸ್ಪ್ರಿಂಗಿಗಿಂತ ಹಾಪ್‌ಅಪ್ ರಬ್ಬರಿನ ಗೋಡೆ ದೊಡ್ಡದು. ಎಫ್‌ಪಿಎಸ್ ಜಾಸ್ತಿಯಿದ್ದರೆ ದೂರ ಹೋಗುತ್ತದೆ ಅನ್ನುವುದಕ್ಕಿಂತ ಪ್ರತಿ ಶಾಟೂ ಒಂದೇ ಎಫ್‌ಪಿಎಸ್ ಇದ್ದರೆ ಬೇಕಾದ ಕಡೆ ಬೀಳುತ್ತದೆ ಅನ್ನುವುದೇ ನಿಜ.

ಕಾಡುದಾರಿಯವರ ಎರಡನೇ ಪ್ರಶ್ನೆಯನ್ನು ಎಲ್ಲರೂ ಬಿಟ್ಟಿದ್ದೀರಿ. 338ರಿಂದ 296! ಅದು ಪಿಎಂಇ ಒಂದರಿಂದ ಬರುವ ಏರಿಳಿತ ಅಲ್ಲ ಅನಿಸುತ್ತದೆ. ಗಾಳಿ ಸೋರುತ್ತಿದೆ.

ಕಾಡುದಾರಿ (ಲೆಸ್ಟರ್)

ಗಾಳಿ ಸೋರುವುದನ್ನು ಹೇಗೆ ಪರೀಕ್ಷೆ ಮಾಡುವುದು ಸಾಗರ ಅವರೇ? ಸಿಲಿಂಡರ್ ಹೊರಗೇ ಇದೆ.

ಸಕುರಾ_ಸಾಗರ (ನಾಗೋಯಾ)

ಹಿಂದಿನಿಂದ ಮುಂದಕ್ಕೆ ಒಂದೊಂದೇ ಜಾಗ ನೋಡುತ್ತಾ ಹೋಗಿ.

ಸಿಲಿಂಡರಿಗೆ ಸಿಲಿಂಡರ್ ಹೆಡ್ ಹಾಕಿ, ಪಿಸ್ಟನ್ನನ್ನು ಹೆಡ್ ಸಮೇತ ಒಳಗೆ ಬಿಡಿ. ಸಿಲಿಂಡರ್ ಹೆಡ್ಡಿನ ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ ಒತ್ತಿ. ಗಾಳಿಯ ಮೆತ್ತೆ ತಡೆದು ವಾಪಸ್ ದೂಡಬೇಕು. ಮೆತ್ತಗೆ ಒಳಗೆ ಹೋದರೆ ಪಿಸ್ಟನ್ ಹೆಡ್ಡಿನ ಓ-ರಿಂಗ್ ಇಲ್ಲ ಸಿಲಿಂಡರ್ ಹೆಡ್ಡಿನ ಓ-ರಿಂಗ್. ಸಿಲಿಂಡರ್ ಹೆಡ್ ಸಡಿಲ ಇದ್ದರೆ ಪ್ಲಂಬರ್ ಹತ್ತಿರ ಇರುವ ಟೆಫ್ಲಾನ್ ಟೇಪ್ ಒಂದು ಸುತ್ತು ಸಾಕು.

ಆಮೇಲೆ ನಾಝಲ್ ಹಾಕಿ ನಾಝಲ್ಲಿನ ಬಾಯಿ ಮುಚ್ಚಿ ಅದನ್ನೇ ಮಾಡಿ. ಈಗ ಸೋರಿದರೆ ನಾಝಲ್ ಒಳಗಿನ ಓ-ರಿಂಗ್.

ಆಮೇಲೆ ಹಾಪ್‌ಅಪ್ ಚೇಂಬರನ್ನು ಬ್ಯಾರಲ್ ಸಮೇತ ನಾಝಲ್ಲಿಗೆ ಒತ್ತಿ ಹಿಡಿದು ಬ್ಯಾರಲ್ಲಿನ ಕೊನೆ ಮುಚ್ಚಿ. ಅಲ್ಲಿ ಸೋರಿದರೆ ರಬ್ಬರ್ ತುಟಿ ಹರಿದಿದೆ, ಇಲ್ಲ ನಾಝಲ್ ಗಿಡ್ಡವಾಗಿದೆ.

ಇವೆಲ್ಲ ಸರಿಯಿದ್ದೂ ಕ್ರೋನೋ ಕುಣಿದರೆ ಟ್ಯಾಪೆಟ್ ಪ್ಲೇಟ್ ನೋಡಿ. ನಾಝಲ್ಲನ್ನು ಹಿಂದೆ ಮುಂದೆ ಮಾಡುವುದು ಅದೇ.

ಜಯನಗರ_4ನೇಬ್ಲಾಕ್ (ಬೆಂಗಳೂರು)

ಗ್ರೀಸ್ ಯಾವುದು ಹಾಕುತ್ತೀರಿ? ನಮ್ಮ ಮನೆಯಲ್ಲಿ ಎಲ್ಲದಕ್ಕೂ ಹೊಲಿಗೆ ಮೆಷಿನ್ ಎಣ್ಣೆ, ಇಲ್ಲ ತೆಂಗಿನೆಣ್ಣೆ.

ಕುಡ್ಲದ_ಮಾಣಿ (ಎಡಿನ್‌ಬರೋ)

ಎರಡೂ ಬೇಡ. ತೆಂಗಿನೆಣ್ಣೆ ಇಲ್ಲಿನ ಚಳಿಗೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಪೆಟ್ರೋಲಿಯಂ ಜಾತಿ, ಹಾಪ್‌ಅಪ್ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಸಿಲಿಂಡರ್, ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ. ಗೇರ್ ಹಲ್ಲಿಗೆ ಲಿಥಿಯಂ ಗ್ರೀಸ್. ಬ್ಯಾರಲ್ ಒಳಗೆ ಏನೂ ಬೇಡ, ಒಣ ಬಟ್ಟೆ ಅಷ್ಟೆ. ಹಾಪ್‌ಅಪ್ ರಬ್ಬರಿಗೆ ಎಣ್ಣೆ ತಾಗಿದರೆ ಬಿಬಿ ತಿರುಗುವುದಿಲ್ಲ, ನೇರ ನೆಲಕ್ಕೆ.

ಹುಬ್ಬಳ್ಳಿ_ಹುಡುಗ (ಡೆಟ್ರಾಯಿಟ್)

ಡಬ್ಲ್ಯೂಡಿ-40 ಕೂಡ ಹೊಡೆಯಬೇಡ್ರಿ. ಇದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ.

ಕಾಫಿತೋಟ (ಮಡಿಕೇರಿ)

ವಿಷಯ ಸ್ವಲ್ಪ ಬೇರೆ. ಮಗ ನ್ಯೂಜೆರ್ಸಿಯಲ್ಲಿದ್ದಾನೆ, ರಜೆಗೆ ಬರುವಾಗ ಇಂಥದ್ದೊಂದು ತರುತ್ತೇನೆ ಅನ್ನುತ್ತಾನೆ. ನಮ್ಮ ಕೊಡಗಿನಲ್ಲಿ ಮನೆಯಲ್ಲಿ ಕೋವಿ ಇರುವುದು ಹೊಸದೇನಲ್ಲ, ಆಯುಧ ಪೂಜೆಯ ಮನೆಗಳು. ಇದನ್ನು ತರಬಹುದಾ?

ಆಸ್ಟಿನ್_ಅಕ್ಕ (ಟೆಕ್ಸಸ್)

ಬೇಡ ಅಂತ ಹೇಳಿ ಸಾರ್. ನೋಡಲು ಥೇಟ್ ನಿಜವಾದ ರೈಫಲ್. ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರಿನಲ್ಲಿ ಕಂಡರೆ ಕಸ್ಟಮ್ಸಿನವರಿಗೆ, ಸೆಕ್ಯುರಿಟಿಯವರಿಗೆ ಆಟಿಕೆ ಅಂತ ಒಪ್ಪಿಸುವುದು ಹುಡುಗಾಟವಲ್ಲ. ಕೊಡವರಿಗೆ ಇರುವ ವಿನಾಯಿತಿ ಮನೆಯ ಕೋವಿಗೆ, ಆಮದಿಗಲ್ಲ. ಇಲ್ಲಿ ಅಮೆರಿಕದಲ್ಲೇ ಅಂಗಡಿಯಲ್ಲಿ ಮಾರುವಾಗ ತುದಿಗೆ ಕಿತ್ತಳೆ ಬಣ್ಣ ಇರಬೇಕು ಅನ್ನುವುದು ಇದೇ ಗೊಂದಲ ಆಗಬಾರದು ಅಂತ. ಅವನು ಆಡಬೇಕೆಂದರೆ ಅಲ್ಲೇ ಆಡಲಿ.

ಲೈಪೋ ಬ್ಯಾಟರಿಯನ್ನಂತೂ ಚೆಕ್-ಇನ್ ಸೂಟ್‌ಕೇಸಿನಲ್ಲಿ ಯಾರೂ ಇಡಬೇಡಿ. ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ, ಕನೆಕ್ಟರಿಗೆ ಟೇಪ್ ಸುತ್ತಿ.

ಬ್ರಿಸ್ಬೇನ್_ಬಸವ

ನಮ್ಮಲ್ಲೂ 2021ರ ಫೆಬ್ರವರಿಯಿಂದ ಜೆಲ್ ಬ್ಲಾಸ್ಟರ್ ಇಟ್ಟುಕೊಳ್ಳಲು ಸರಿಯಾದ ಕಾರಣ ಬೇಕು, ಕ್ಲಬ್ ಮೆಂಬರ್ ಆಗಿದ್ದರೆ ಸಾಕು. ಕಾರಿನಲ್ಲಿ ಒಯ್ಯುವಾಗ ಕಣ್ಣಿಗೆ ಕಾಣದ ಹಾಗೆ ಇಡಬೇಕು.

ಅಕ್ಕ, ಸ್ಟೀಲ್ ರ‍್ಯಾಕ್ ಬಗ್ಗೆ ನೀವು ಹೇಳಿದ್ದು ಯೋಚನೆ ಮಾಡಿದೆ. ನನ್ನದರಲ್ಲಿ ವೇಗ 20ರ ಹತ್ತಿರ. ಹಾಗಾಗಿ ಅದು ಉಳಿದಿರಬೇಕು, ಸ್ಟೀಲ್ ಆಗಿರುವುದರಿಂದ ಅಲ್ಲ. ಸರಿನಾ?

ಆಸ್ಟಿನ್_ಅಕ್ಕ (ಟೆಕ್ಸಸ್)

ಸರಿ. 20ರಲ್ಲಿ ಒಳ್ಳೆಯ ನೈಲಾನ್ ಪಿಸ್ಟನ್ ಕೂಡ ವರ್ಷಗಟ್ಟಲೆ ಬಾಳುತ್ತದೆ.

ಕಾಡುದಾರಿ (ಲೆಸ್ಟರ್)

ಸಾಗರ ಅವರು ಹೇಳಿದ ಹಾಗೆ ಪರೀಕ್ಷೆ ಮಾಡಿದೆ. ಪಿಸ್ಟನ್ ಹೆಡ್, ಸಿಲಿಂಡರ್ ಹೆಡ್ ಗಟ್ಟಿ. ನಾಝಲ್ ಸರಿ. ಹಾಪ್‌ಅಪ್ ರಬ್ಬರ್ ಸರಿ. ಹಾಗಾಗಿ ಟ್ಯಾಪೆಟ್ ಪ್ಲೇಟ್ ತೆಗೆದು ದೀಪಕ್ಕೆ ಹಿಡಿದೆ. ಸೆಕ್ಟರಿನ ಪಿನ್ ತಾಗುವ ರೆಕ್ಕೆಯಲ್ಲಿ ಒಂದು ಮೂಲೆ ಕೊರೆದು ಹೋಗಿದೆ. ಉಗುರು ಆಡಿಸಿದರೆ ಗುಳಿ ಸಿಗುತ್ತದೆ. ಡಿಲೇ ಕ್ಲಿಪ್ಪಿನ ಅಂಚು ಸರಿಯಾಗಿ ಅಲ್ಲಿಗೇ ಬರುತ್ತದೆ. ಟ್ಯಾಪೆಟ್ಟಿನ ಸ್ಪ್ರಿಂಗ್ ಕೂಡ ಹೊಸದರ ಪಕ್ಕ ಇಟ್ಟರೆ ಉದ್ದವಾಗಿ ಎಳೆದುಕೊಂಡಿದೆ.

ಸಕುರಾ_ಸಾಗರ (ನಾಗೋಯಾ)

ಸಿಕ್ಕಿತಲ್ಲ! ಕ್ಲಿಪ್ ನಾಝಲ್ಲನ್ನು ಹಿಂದೆ ಹಿಡಿದಿಡುತ್ತದೆ, ಬಿಬಿ ಮೇಲೆ ಬರಲಿ ಅಂತ. ಗೇರ್ 33ರಲ್ಲಿ ಓಡುವಾಗ, ಸ್ಪ್ರಿಂಗೂ ಸೋತಿರುವಾಗ, ನಾಝಲ್ ಮುಂದೆ ಹೋಗಿ ರಬ್ಬರಿಗೆ ಕೂರುವ ಮೊದಲೇ ಪಿಸ್ಟನ್ ಹೊಡೆದುಬಿಡುತ್ತದೆ. ಒಮ್ಮೆ ಪೂರ್ತಿ ಕೂರುತ್ತದೆ, 338. ಇನ್ನೊಮ್ಮೆ ಅರ್ಧ, 296. ಹೊಸ ಟ್ಯಾಪೆಟ್, ಹೊಸ ಸ್ಪ್ರಿಂಗ್ ಹಾಕಿ ಕ್ಲಿಪ್ ಕಿತ್ತುಬಿಡಿ. ವೇಗ 23ಕ್ಕೆ ಇಳಿದರೆ ಕ್ಲಿಪ್ ಬೇಕಾಗುವುದೇ ಇಲ್ಲ. ಮ್ಯಾಗಜೀನ್ ಸ್ಪ್ರಿಂಗ್ ಗಟ್ಟಿ ಇದ್ದರೆ ಸಾಕು.

ಕುಡ್ಲದ_ಮಾಣಿ (ಎಡಿನ್‌ಬರೋ)

ಸೆಮಿಯಲ್ಲಿ ಎರಡು ಹೋಗುವುದಕ್ಕೆ ಒಂದು ಸುಲಭ ಪರೀಕ್ಷೆ. 7.4 ಬ್ಯಾಟರಿ ಹಾಕಿ ಸೆಮಿ ಹೊಡೆಯಿರಿ. ನಿಂತರೆ ಅದು ಓವರ್‌ಸ್ಪಿನ್. ಟ್ರಿಗರ್ ಕರೆಂಟ್ ಕಡಿದ ಮೇಲೂ ಗೇರುಗಳ ಓಟ ನಿಲ್ಲದೆ ಇನ್ನೊಂದು ಸುತ್ತು ಎಳೆದು ಬಿಡುತ್ತದೆ. 7.4ರಲ್ಲೂ ಎರಡು ಹೋದರೆ, ಸೆಮಿಯಲ್ಲಿ ಒಂದು ಶಾಟ್ ಆದ ಕೂಡಲೇ ಕರೆಂಟ್ ಕಡಿಯುವ ಕಟ್-ಆಫ್ ಲಿವರ್ ಸವೆದಿದೆ, ಬದಲಿಸಿ. ಆ್ಯಕ್ಟಿವ್ ಬ್ರೇಕ್ (ಕರೆಂಟ್ ಕಡಿದ ಕೂಡಲೇ ಮೋಟರ್ ನಿಲ್ಲಿಸುವುದು) ಇರುವ ಮಾಸ್ಫೆಟ್ ಹಾಕಿದರೂ ಓವರ್‌ಸ್ಪಿನ್ ನಿಲ್ಲುತ್ತದೆ, ಆದರೆ ಮೋಟರ್ ಬಿಸಿಯಾಗುತ್ತದೆ, ಬ್ರಷ್ ಬೇಗ ಸವೆಯುತ್ತದೆ.

ಮತ್ತೆ ಡಬ್ಬ ಬಿಚ್ಚುವಾಗೆಲ್ಲ ಕ್ರಮ ತಪ್ಪಬೇಡಿ. ಮ್ಯಾಗಜೀನ್ ತೆಗೆದು, ಸುರಕ್ಷಿತ ಕಡೆಗೆ ಒಂದು ಹೊಡೆದು ಚೇಂಬರ್ ಖಾಲಿ ಮಾಡಿ, ಆಮೇಲೆ ಬ್ಯಾಟರಿ. ಪಿಸ್ಟನ್ ಹಿಂದೆ ಸಿಕ್ಕಿಕೊಂಡಿದ್ದರೆ ಮೋಟರ್ ತೆಗೆದು ಆ್ಯಂಟಿ-ರಿವರ್ಸಲ್ ಲ್ಯಾಚ್ (ಗೇರ್ ಹಿಂದಕ್ಕೆ ತಿರುಗದ ಹಾಗೆ ತಡೆಯುವುದು) ಬಿಡಿಸಿ ಸ್ಪ್ರಿಂಗ್ ಇಳಿಸಿ. ಶೆಲ್ ಎತ್ತುವಾಗ ಸ್ಪ್ರಿಂಗ್ ಗೈಡಿನ ತೂತಿಗೆ ಹಿಂದಿನಿಂದ ಉದ್ದ ಸ್ಕ್ರೂಡ್ರೈವರ್ ತೂರಿಸಿ ಹಿಡಿದಿರಿ. ಕನ್ನಡಕ ಹಾಕಿಕೊಳ್ಳಿ. ಆ ಸ್ಪ್ರಿಂಗ್ ಹಾರಿ ಕಣ್ಣಿಗೆ ಬಡಿದರೆ ಆಟ ಅಲ್ಲಿಗೇ ಮುಗಿಯುತ್ತದೆ.

ನೆಕಾರ್_ತೀರ (ಸ್ಟುಟ್‌ಗಾರ್ಟ್)

ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದ ಒಳಗೆ ಕೈಯಿಟ್ಟು ಬಿಚ್ಚಿ. ಲ್ಯಾಚಿನ ಆ ಪುಟಾಣಿ ಸ್ಪ್ರಿಂಗ್ ಕಾರ್ಪೆಟ್ಟಿಗೆ ಬಿದ್ದರೆ ಸಿಗುವುದಿಲ್ಲ.

ಕಾಡುದಾರಿ (ಲೆಸ್ಟರ್)

ಅಪ್‌ಡೇಟ್. 18:1 ಗೇರ್ ವಾಪಸ್ ಹಾಕಿದೆ. ಹೊಸ ನೈಲಾನ್ ಪಿಸ್ಟನ್, ಹೊಸ ಟ್ಯಾಪೆಟ್ ಮತ್ತು ಸ್ಪ್ರಿಂಗ್, ಡಿಲೇ ಕ್ಲಿಪ್ ಇಲ್ಲ. ಮೋಟರ್, 11.1, ಎಂ100 ಎಲ್ಲ ಅದೇ.

ಸದ್ದಿನ ರೆಕಾರ್ಡಿಂಗಿನಲ್ಲಿ ಸೆಕೆಂಡಿಗೆ 23. ಅಕ್ಕನ ಲೆಕ್ಕ ಸರಿಯಾಯಿತು. ಕ್ರೋನೋ 334ರಿಂದ 339ರ ಒಳಗೆ. ಸೆಮಿಯಲ್ಲಿ ಒಂದೇ. 13:1 ಇದ್ದಾಗಲೇ 7.4ರಲ್ಲಿ ಪರೀಕ್ಷೆ ಮಾಡಿದ್ದೆ, ಎರಡು ಹೋಗಲಿಲ್ಲ. ಹಾಗಾಗಿ ಅದು ಓವರ್‌ಸ್ಪಿನ್ನೇ. ಭಾನುವಾರ ಮೈದಾನದಲ್ಲಿ ಆಟೋ ಚೆನ್ನಾಗಿ ಓಡಿಸಿ ಮನೆಗೆ ಬಂದು ಬಿಚ್ಚಿದೆ. ಹಲ್ಲುಗಳ ಮೇಲೆ ಗ್ರೀಸ್ ಅಷ್ಟೆ, ಚೂರು ಇಲ್ಲ.

ಈಗ ಒಂದು ಕೀರಲು ಸದ್ದು ಉಳಿದಿದೆ. ಟ್ರಿಗರ್ ಒತ್ತಿದಾಗ ಸಣ್ಣ ಕೊರಗು.

ಆಸ್ಟಿನ್_ಅಕ್ಕ (ಟೆಕ್ಸಸ್)

ಬಹಳ ಸಂತೋಷ! ಆ ಸದ್ದು ಮೋಟರ್ ಎತ್ತರದ್ದು, ಇಲ್ಲ ಶಿಮ್ಮಿನದು. ಹಿಡಿಕೆಯ ತಳದ ಸ್ಕ್ರೂವನ್ನು ಕಾಲು ಸುತ್ತಿನಷ್ಟು ಸಡಿಲಿಸಿ ಕೇಳಿ, ಆಮೇಲೆ ಕಾಲು ಸುತ್ತು ಬಿಗಿ ಮಾಡಿ ಕೇಳಿ. ಸದ್ದು ಅತಿ ಕಮ್ಮಿ ಇರುವಲ್ಲಿ ಬಿಡಿ. ಹೋಗದಿದ್ದರೆ ಗೇರ್ ಬದಲಿಸಿದಾಗ ಹಳೆಯ ಶಿಮ್‌ಗಳು ಹೊಂದುತ್ತಿಲ್ಲ. ಬೆವೆಲ್ ಗೇರಿನಿಂದ ಶುರು ಮಾಡಿ, ಪಿನಿಯನ್ನಿಗೆ ಸರಿಯಾಗಿ ಕೂರಲಿ, ಆಮೇಲೆ ಸ್ಪರ್, ಕೊನೆಗೆ ಸೆಕ್ಟರ್. ಪಕ್ಕಕ್ಕೆ 0.1 ಮಿ.ಮೀ.ನಷ್ಟು ಆಟ ಇರಲಿ. ಬೆರಳಿನಿಂದ ತಿರುಗಿಸಿದರೆ ಸದ್ದಿಲ್ಲದೆ ಸುತ್ತಬೇಕು.

ಹುಬ್ಬಳ್ಳಿ_ಹುಡುಗ (ಡೆಟ್ರಾಯಿಟ್)

ಸರಿಯಾಯಿತಲ್ಲ, ಖುಷಿ ಆತು ಅಣ್ಣಾ. ಆದರೆ 13:1 ಗೇರನ್ನು ಮಾರಬೇಡ್ರಿ. ಶಾರ್ಟ್ ಸ್ಟ್ರೋಕ್ ಮಾಡೋದನ್ನು ಫೋಟೊ ಸಮೇತ ಬರೆದು ಹಾಕುತ್ತೇನೆ. ಚಳಿಗಾಲದಲ್ಲಿ ಆಟ ಕಮ್ಮಿ ಇದ್ದಾಗ ಒಂದು ಹಳೆಯ ಸೆಕ್ಟರ್ ಮೇಲೆ ಮಾಡಿ ನೋಡ್ರಿ. 1.14ರ ಒಳಗೇ ಮುಗಿಸುತ್ತೇನೆ, ಎಡಿನ್‌ಬರೋ ಅಣ್ಣನೇ ಕ್ರೋನೋ ಹಿಡಿಯಲಿ.

ಕುಡ್ಲದ_ಮಾಣಿ (ಎಡಿನ್‌ಬರೋ)

ಹಿಡಿಯುತ್ತೇನೆ ಮಾರಾಯ್ರೆ. ಆಡುವ ತೂಕದ ಬಿಬಿಯಲ್ಲೇ ಅಳೆಯೋಣ, 0.28ರಲ್ಲಿ. 0.20ರಲ್ಲಿ ಮಾತ್ರ ಅಳೆದರೆ ಒಪ್ಪುವುದಿಲ್ಲ.

ಕಾಡುದಾರಿ (ಲೆಸ್ಟರ್)

ಕಾಲು ಸುತ್ತು ಸಡಿಲಿಸಿದೆ, ಕೀರಲು ಹೋಯಿತು. ಹುಬ್ಬಳ್ಳಿಯವರೇ, ಫೋಟೊ ಹಾಕಿ, ಕಾಯುತ್ತೇನೆ. ಹಲ್ಲು ಉಜ್ಜುವಾಗ ನೀರಿನಲ್ಲಿ ಅದ್ದಿ ಅದ್ದಿ ಮಾಡುತ್ತೀರಾ, ಎಣ್ಣೆಯಲ್ಲಾ?